ಮಾರ್ಗದರ್ಶಿಯ ಶುಲ್ಕ: ಉಳಿತಾಯವೋ, ನಷ್ಟವೋ?

ಕುಟುಂಬ ಸಮೇತ ಪ್ರವಾಸ ಹೊರಡುವುದು ಇಂದು ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಸಾಮಾನ್ಯ ಪರಿಪಾಠವಾಗಿದೆ. ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆಯೋ ಯಂತ್ರಗಳ ನಡುವೆಯೋ ದಿನ ಕಳೆಯುವ ಗೃಹಸ್ಥನು ಮಕ್ಕಳ ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನದ ಬಿಡುವು ಮಾಡಿಕೊಳ್ಳುತ್ತಾನೆ. ರೈಲಿಗೆ, ವಸತಿಗೆ, ಊಟೋಪಚಾರಕ್ಕೆ, ಬಾಡಿಗೆ ಕಾರಿಗೆ ಆತನು ಧಾರಾಳವಾಗಿಯೇ ಖರ್ಚು ಮಾಡುತ್ತಾನೆ. ಆದರೆ ವಸ್ತುಸಂಗ್ರಹಾಲಯವೊಂದರ ಬಾಗಿಲಲ್ಲಿ ಮಾರ್ಗದರ್ಶಿಯ ಶುಲ್ಕದ ಪ್ರಶ್ನೆ ಬಂದಾಗ ಮಾತ್ರ ಆತನೊಳಗಿನ ವ್ಯಾಪಾರಿ ಎಚ್ಚರಗೊಳ್ಳುತ್ತಾನೆ. ಒಂದೋ, ಫಲಕಗಳನ್ನು ತಾವೇ ಓದಿಕೊಂಡರಾಯಿತೆಂದು ಒಳಗೆ ನಡೆಯುತ್ತಾನೆ. ಇಲ್ಲವೇ, ಹೇಳಿದ ಶುಲ್ಕವನ್ನು ಮೂರರಲ್ಲೊಂದು ಭಾಗಕ್ಕೆ ಇಳಿಸಿ ಗೆದ್ದೆನೆಂದು ತೃಪ್ತಿಪಡುತ್ತಾನೆ.

ಈ ಎರಡೂ ಕ್ರಮಗಳು ಲೆಕ್ಕಾಚಾರದ ದೃಷ್ಟಿಯಿಂದ ದೋಷಪೂರ್ಣವಾದವು. ಮಾರ್ಗದರ್ಶಿಯೆಂದರೆ ಪ್ರವಾಸದ ಆಡಂಬರವಲ್ಲ, ವೃತ್ತಿಪರ ಸೇವೆ. ವಕೀಲರಿಗೆ, ವೈದ್ಯರಿಗೆ, ಲೆಕ್ಕಪರಿಶೋಧಕರಿಗೆ ಶುಲ್ಕ ಕೊಡುವಾಗ ಅನ್ವಯಿಸುವ ವಿವೇಕವೇ ಇಲ್ಲಿಯೂ ಅನ್ವಯಿಸಬೇಕು. ಸೇವೆ ಬೇಕೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಬೇಕಾದರೆ ಯೋಗ್ಯನನ್ನು ಆರಿಸಿ, ನ್ಯಾಯವಾದ ಶುಲ್ಕವನ್ನು ನೇರವಾಗಿ ಕೊಡಬೇಕು. ನೇರವಾಗಿ ಕೊಡದ ಶುಲ್ಕವನ್ನು ಮತ್ತೊಂದು ದಾರಿಯಿಂದ, ಬಹುಮಟ್ಟಿಗೆ ಹೆಚ್ಚಾಗಿಯೇ, ತೆರಬೇಕಾಗುತ್ತದೆ.

ಸಮಯದ ಬೆಲೆ

ಒಂದು ಕಾಲ್ಪನಿಕ ಲೆಕ್ಕವನ್ನು ಗಮನಿಸಬಹುದು. ದಾವಣಗೆರೆಯ ಐದು ಮಂದಿಯ ಕುಟುಂಬವೊಂದು ನಾಲ್ಕು ದಿನಗಳ ಹೈದರಾಬಾದ್ ಪ್ರವಾಸಕ್ಕೆ 40,000 ರೂಪಾಯಿ ವಿನಿಯೋಗಿಸುತ್ತದೆ ಎಂದಿರಲಿ. ಪ್ರಯಾಣ, ನಿದ್ರೆ, ಊಟಗಳ ಹೊತ್ತನ್ನು ಕಳೆದರೆ ನಿಜವಾಗಿ ನೋಡುವುದಕ್ಕೆ ಉಳಿಯುವುದು ಸುಮಾರು 30 ಗಂಟೆ. ಅಂದರೆ ಗಂಟೆಯೊಂದಕ್ಕೆ ಸುಮಾರು 1,333 ರೂಪಾಯಿ ಬಿದ್ದಂತಾಯಿತು. ವಸ್ತುಸಂಗ್ರಹಾಲಯದಲ್ಲಿ ಮೂರು ಗಂಟೆ ಕಳೆಯುವುದಾದರೆ, ಪ್ರವೇಶದ ಟಿಕೆಟ್ ಕೊಳ್ಳುವ ಮೊದಲೇ 4,000 ರೂಪಾಯಿ ವೆಚ್ಚವಾಗಿ ಹೋಗಿದೆ. ಮಾರ್ಗದರ್ಶಿಯ ಶುಲ್ಕ 1,500 ರೂಪಾಯಿ ಎಂದಿಟ್ಟುಕೊಂಡರೂ, ಎದುರಿಗಿರುವ ಪ್ರಶ್ನೆ ‘1,500 ಖರ್ಚು ಮಾಡಬೇಕೇ, ಬೇಡವೇ’ ಎಂಬುದಲ್ಲ. ‘ಈಗಾಗಲೇ ಖರ್ಚಾಗಿರುವ 4,000 ರೂಪಾಯಿಗೆ ತಕ್ಕ ಪ್ರತಿಫಲ ಪಡೆಯಲು ಇನ್ನೂ 1,500 ಹಾಕಬೇಕೇ’ ಎಂಬುದು. ಬೆಲೆಬಾಳುವ ಯಂತ್ರವನ್ನು ತಂದು ಕೂರಿಸಿ, ಅದನ್ನು ನಡೆಸಬಲ್ಲ ನುರಿತ ಕೆಲಸಗಾರನ ಸಂಬಳದಲ್ಲಿ ಮಿಗಿಸಲು ಹೊರಟ ಕಾರ್ಖಾನೆದಾರನ ಸ್ಥಿತಿ ಏನಾಗುವುದೆಂಬುದು ಓದುಗರಿಗೆ ತಿಳಿಯದ್ದಲ್ಲ.

ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ನಿದರ್ಶನ

ಹೈದರಾಬಾದಿಗೆ ಹೋದ ಕನ್ನಡಿಗರು ತಪ್ಪದೆ ನೋಡುವ ಸ್ಥಳಗಳಲ್ಲಿ ಮೂಸಿ ನದಿಯ ದಕ್ಷಿಣ ದಂಡೆಯ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವೂ ಒಂದು. ಮೂರನೆಯ ಸಾಲಾರ್ ಜಂಗ್ ಎನಿಸಿದ ಮೀರ್ ಯೂಸುಫ್ ಅಲಿ ಖಾನರು (1889–1949) ಅವಿವಾಹಿತರು. ಅವರೂ ಅವರ ಹಿರಿಯರೂ ಕೂಡಿಟ್ಟ ಕಲಾವಸ್ತುಗಳು 1951ರಲ್ಲಿ ಸಾರ್ವಜನಿಕ ವೀಕ್ಷಣೆಗೆ ತೆರೆದುಕೊಂಡವು. 1961ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಇದು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂದು ಘೋಷಿತವಾಯಿತು. 1968ರಲ್ಲಿ ಸಂಗ್ರಹವು ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಶುಕ್ರವಾರ ಇಲ್ಲಿಗೆ ರಜೆ ಎಂಬುದನ್ನು ತಿಳಿಯದೆ ಬಂದು ಹಿಂದಿರುಗುವವರೂ ಉಂಟು.

ಇಷ್ಟು ದೊಡ್ಡ ಸಂಗ್ರಹಾಲಯವನ್ನು ಮೂರು ಗಂಟೆಯಲ್ಲಿ ‘ಪೂರ್ತಿ’ ನೋಡುವೆನೆಂದು ಹೊರಟ ಕುಟುಂಬವು ಕೊನೆಗೆ ನೋಡುವುದು ಒಂದರ ಹಿಂದೊಂದು ಬರುವ ಗಾಜಿನ ಕಪಾಟುಗಳನ್ನು ಮಾತ್ರ. ಹಿರಿಯರಿಗೆ ಕಾಲುನೋವು, ಮಕ್ಕಳಿಗೆ ಬೇಸರ, ಗೃಹಿಣಿಗೆ ಎಲ್ಲರನ್ನೂ ಒಟ್ಟಾಗಿ ಕಾಯ್ದುಕೊಳ್ಳುವ ಆಯಾಸ. ಬಲ್ಲ ಮಾರ್ಗದರ್ಶಿಯ ಮೊದಲ ಉಪಯೋಗವಿರುವುದು ಇಲ್ಲಿಯೇ. ಏನನ್ನು ನೋಡಬೇಕೆಂದು ಹೇಳುವುದಕ್ಕಿಂತ ಏನನ್ನು ಬಿಡಬಹುದೆಂದು ಆತನು ಹೇಳುತ್ತಾನೆ. ನೂರಾರು ವಸ್ತುಗಳಲ್ಲಿ ಹತ್ತನ್ನು ಆರಿಸಿ, ಆ ಹತ್ತರ ಮುಂದೆ ಕುಟುಂಬವನ್ನು ನಿಲ್ಲಿಸುತ್ತಾನೆ.

ಇಟಲಿಯ ಶಿಲ್ಪಿ ಬೆಂಜೋನಿಯ ‘ಮುಸುಕಿನ ರೆಬೆಕಾ’ ಅಮೃತಶಿಲೆಯ ಪ್ರತಿಮೆಯನ್ನೇ ತೆಗೆದುಕೊಳ್ಳಬಹುದು. ಹೈದರಾಬಾದಿನ ದಿವಾನರಾಗಿದ್ದ ಒಂದನೆಯ ಸಾಲಾರ್ ಜಂಗ್ ಇದನ್ನು 1876ರಲ್ಲಿ ರೋಮ್ ನಗರದಲ್ಲಿ ಕೊಂಡರು. ಕಲ್ಲು ಮುಸುಕಿನಂತೆ ಪಾರದರ್ಶಕವಾಗಿ ತೋರುವುದನ್ನು ಯಾರಾದರೂ ನೋಡಿ ಬೆರಗಾಗಬಹುದು. ಆದರೆ ಆ ಹೆಣ್ಣು ಬೈಬಲ್ಲಿನ ಹಳೆಯ ಒಡಂಬಡಿಕೆಯ ರೆಬೆಕಾ, ತನ್ನನ್ನು ವರಿಸಲಿರುವ ಐಸಾಕನನ್ನು ದೂರದಿಂದ ಕಂಡೊಡನೆ ಮುಸುಕೆಳೆದುಕೊಂಡವಳು ಎಂಬ ಕಥೆ ತಿಳಿದಾಗ ಶಿಲ್ಪಿಯು ಮುಸುಕಿನ ಮೇಲೆಯೇ ತನ್ನ ಶಕ್ತಿಯನ್ನೆಲ್ಲ ಏಕೆ ಧಾರೆಯೆರೆದನೆಂಬುದು ಅರ್ಥವಾಗುತ್ತದೆ. ಅಜ್ಜಿಗೂ ಮೊಮ್ಮಗಳಿಗೂ ಏಕಕಾಲದಲ್ಲಿ ಹಿಡಿಸುವ ಕಥೆಯಿದು.

ಇನ್ನು ಗಂಟೆಗೊಮ್ಮೆ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ಸುಪ್ರಸಿದ್ಧ ಗಡಿಯಾರ. ಅದರ ಮುಂದೆ ಪ್ರತಿ ಗಂಟೆಯೂ ಜನ ನೆರೆಯುತ್ತಾರೆ. ಅನುಭವಿ ಮಾರ್ಗದರ್ಶಿಯು ತನ್ನ ಸುತ್ತನ್ನು ಆ ಹೊತ್ತಿಗೆ ಹೊಂದಿಸಿಕೊಂಡು ಮಕ್ಕಳನ್ನು ಮೊದಲೇ ತಕ್ಕ ಸ್ಥಳದಲ್ಲಿ ಕೂರಿಸುತ್ತಾನೆ. ತಿಳಿಯದವರು ಗಂಟೆ ಬಾರಿಸಿ ಮುಗಿದ ಮೇಲೆ ಬಂದು, ಇನ್ನೊಂದು ಗಂಟೆ ಕಾಯಬೇಕೇ ಬೇಡವೇ ಎಂದು ಚರ್ಚಿಸುತ್ತಾರೆ.

ಓದುಗರಿಗೆ ಇವೆಲ್ಲಕ್ಕಿಂತ ಹತ್ತಿರದ್ದೆಂದರೆ ಅಲ್ಲಿನ ಬಿದರಿ ಕಲೆಯ ವಿಭಾಗ. ಬಿದರಿ ನಮ್ಮ ಬೀದರಿನ ಕಸುಬು. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಉತ್ಪನ್ನ. ಹೆಚ್ಚು ಪಾಲು ಸತು, ಅಲ್ಪ ಪಾಲು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕಡೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಹಾಗೂ ನವಸಾಗರದ ಮಿಶ್ರಣದಿಂದ ಉಜ್ಜುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಇಷ್ಟನ್ನು ಬಲ್ಲವನು ವಿವರಿಸಿದರೆ, ಫೌಂಡ್ರಿಯನ್ನೋ ಲೇತ್ ಯಂತ್ರವನ್ನೋ ಇಟ್ಟುಕೊಂಡಿರುವ ತಂದೆಗೆ ಅದು ತನ್ನದೇ ವೃತ್ತಿಯ ಹಿರಿಯರ ಕೆಲಸವೆಂದು ತೋರುತ್ತದೆ. ಮಗನಿಗೆ ತಂದೆಯ ವೃತ್ತಿಯ ಬಗೆಗೆ ಗೌರವ ಮೂಡುತ್ತದೆ. ವಿವರಿಸದಿದ್ದರೆ ಅದು ಕಪ್ಪು ಬಣ್ಣದ ಒಂದು ಹುಕ್ಕಾ ಬುಡ ಅಷ್ಟೆ.

ಇದೇ ಮಾತು ನಮ್ಮ ರಾಜ್ಯಕ್ಕೂ ಸಲ್ಲುತ್ತದೆ. 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಹತ್ತನೆಯ ಶತಮಾನದ ಆತಕೂರಿನ ವೀರಗಲ್ಲಿದೆ. ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ಸ್ಮರಣೆಗೆ ನೆಟ್ಟ ಕಲ್ಲದು. ಅದೇ ಶಾಸನದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ಚೋಳರೊಡನೆ ನಡೆದ ಯುದ್ಧ ಇವೆಲ್ಲವೂ ಬರುತ್ತವೆ. ಹಳಗನ್ನಡದ ಲಿಪಿ ಓದಲಾರದ ಕುಟುಂಬಕ್ಕೆ ಅದು ಬರೀ ಕಲ್ಲು. ಓದಿ ಹೇಳುವವನಿದ್ದರೆ ಹತ್ತು ವರ್ಷದ ಬಾಲಕನೂ ಜೀವಮಾನವಿಡೀ ಮರೆಯದ ನಾಯಿಯ ಕಥೆ.

ಶುಲ್ಕವೋ, ಕಮಿಷನ್ನೋ?

ಈ ಲೇಖನದ ಮುಖ್ಯ ವಿಷಯ ಇನ್ನು ಬರುತ್ತದೆ. ಮಾರ್ಗದರ್ಶಿಯ ಅನ್ನ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಆತನ ನಿಷ್ಠೆ ನಿಂತಿರುತ್ತದೆ. ಪ್ರವಾಸಿಯೇ ತಕ್ಕ ಶುಲ್ಕ ಕೊಟ್ಟರೆ ಆತನು ಪ್ರವಾಸಿಯ ಕೆಲಸಗಾರ. ಪ್ರವಾಸಿ ಅರೆಶುಲ್ಕ ಕೊಟ್ಟು, ಉಳಿದುದನ್ನು ಅಂಗಡಿಯವನು ಕೊಡುವಂತಿದ್ದರೆ ಆತನು ಅಂಗಡಿಯವನ ಕೆಲಸಗಾರ. ಒಂದೇ ವ್ಯವಹಾರದಲ್ಲಿ ಖರೀದಿದಾರನಿಗೂ ಮಾರಾಟಗಾರನಿಗೂ ದಲ್ಲಾಳಿಯಾದವನು ಯಾರ ಪರ ನಿಲ್ಲುವನೆಂಬುದನ್ನು ಮಾರುಕಟ್ಟೆ ಪ್ರಾಂಗಣ ಕಂಡ ವರ್ತಕರಿಗೆ ಯಾರೂ ಕಲಿಸಬೇಕಾಗಿಲ್ಲ.

ಎಲ್ಲ ಮಾರ್ಗದರ್ಶಿಗಳೂ ಹೀಗೆ ಎಂದು ಹೇಳುವುದು ಅನ್ಯಾಯವಾದೀತು. ಆದರೆ ಪ್ರವಾಸಿ ಊರುಗಳಲ್ಲಿ ಈ ಪದ್ಧತಿ ಇರುವುದು ಎಲ್ಲರೂ ಬಲ್ಲ ಸಂಗತಿ. ಮೇಲಿನ ಕುಟುಂಬವು 1,500 ರೂಪಾಯಿಯ ಶುಲ್ಕವನ್ನು 500ಕ್ಕೆ ಇಳಿಸಿತೆಂದು ಭಾವಿಸಬಹುದು. ಮಾರ್ಗದರ್ಶಿ ಒಪ್ಪಿದ. ಮೂರು ಗಂಟೆಯ ಸುತ್ತು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಉಳಿದ ಹೊತ್ತಿನಲ್ಲಿ ಆತನು ‘ಗೊತ್ತಿರುವ ಅಂಗಡಿ’ಯೊಂದಕ್ಕೆ ಕರೆದೊಯ್ದ, ಅಲ್ಲಿ ಕುಟುಂಬವು 6,000 ರೂಪಾಯಿಯ ಸಾಮಾನು ಕೊಂಡಿತು. ಅಂಗಡಿಯವನು ನೂರಕ್ಕೆ ಇಪ್ಪತ್ತರಂತೆ ಮಾರ್ಗದರ್ಶಿಗೆ ಕಮಿಷನ್ ಕೊಡುವನೆಂದರೆ 1,200 ರೂಪಾಯಿ ಆಯಿತು. ಅದು ಅಂಗಡಿಯವನ ಜೇಬಿನಿಂದ ಹೋಗುವುದಿಲ್ಲ. ಸಾಮಾನಿನ ಬೆಲೆಯಲ್ಲಿಯೇ ಸೇರಿರುತ್ತದೆ. ಕುಟುಂಬ ಉಳಿಸಿದ್ದು 1,000, ತೆತ್ತದ್ದು 1,200. ಇದರ ಮೇಲೆ ವಸ್ತುಸಂಗ್ರಹಾಲಯದ ಒಂದೂವರೆ ಗಂಟೆ ನಷ್ಟ. ಅಗ್ಗದ ಆಸೆಗೆ ಮುಗ್ಗಲು ಜೋಳ ತಂದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ನಷ್ಟವೆಲ್ಲ ಹಣದ್ದೇ ಅಲ್ಲ. ಅಂಗಡಿಗೆ ಹೋಗುವ ಅವಸರದಲ್ಲಿರುವ ಮಾರ್ಗದರ್ಶಿಯು ಮಕ್ಕಳ ಪ್ರಶ್ನೆಗೆ ನಿಲ್ಲುವುದಿಲ್ಲ. ‘ಇದರ ಬೆಲೆ ಇಂದು ಇಷ್ಟು ಕೋಟಿ’ ಎಂಬಂತಹ ಮಾತಿನಿಂದ ಬೆರಗುಗೊಳಿಸಿ ಮುಂದೆ ಸಾಗುತ್ತಾನೆ. ಕಲಿಯಬೇಕಾದ ವಯಸ್ಸಿನ ಮಗು ಸುಳ್ಳನ್ನೋ ಅರ್ಧಸತ್ಯವನ್ನೋ ಕಲಿತು ಹಿಂದಿರುಗುತ್ತದೆ.

ಮಾರ್ಗದರ್ಶಿಯ ಪಕ್ಷ

ಈ ವಿಷಯದಲ್ಲಿ ಮಾರ್ಗದರ್ಶಿಯ ಕಷ್ಟವನ್ನೂ ಅರಿಯಬೇಕಾದ್ದು ನ್ಯಾಯ. ಆತನದು ಋತುಮಾನದ ದುಡಿಮೆ. ರಜೆಯ ತಿಂಗಳುಗಳಲ್ಲಿ ದಿನಕ್ಕೆ ಎರಡು ಮೂರು ಕುಟುಂಬ; ಮಳೆಗಾಲದಲ್ಲಿ ವಾರಕ್ಕೊಂದೂ ಕಷ್ಟ. ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಈ ವೃತ್ತಿಯವರ ಆದಾಯ ಏಕಾಏಕಿ ನಿಂತುಹೋಯಿತು. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಪಡೆದ 10,700 ಪ್ರಾದೇಶಿಕ ಮಟ್ಟದ ಮಾರ್ಗದರ್ಶಿಗಳನ್ನೂ ರಾಜ್ಯ ಸರ್ಕಾರಗಳ ಮಾನ್ಯತೆ ಪಡೆದ ಮಾರ್ಗದರ್ಶಿಗಳನ್ನೂ ಒಳಗೊಳ್ಳುವಂತೆ, ತಲಾ ಒಂದು ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಖಾತರಿ ನೀಡುವ ಯೋಜನೆಯನ್ನು ಪ್ರಕಟಿಸಿತು. ಸಾಲವೆಂದರೆ ತೀರಿಸಬೇಕಾದದ್ದೇ. ತೀರಿಸಲು ಶುಲ್ಕ ಬರಬೇಕು. ಪ್ರತಿಯೊಬ್ಬ ಪ್ರವಾಸಿಯೂ ಶುಲ್ಕವನ್ನು ಕೊಚ್ಚುತ್ತ ಹೋದರೆ, ಓದಿಕೊಂಡು ಪ್ರಾಮಾಣಿಕವಾಗಿ ದುಡಿಯುವವನು ವೃತ್ತಿಯನ್ನೇ ಬಿಡುತ್ತಾನೆ. ಕಮಿಷನ್ ನಂಬಿದವನು ಉಳಿಯುತ್ತಾನೆ. ಕಳಪೆ ಮಾಲು ಒಳ್ಳೆಯ ಮಾಲನ್ನು ಮಾರುಕಟ್ಟೆಯಿಂದ ಹೊರದಬ್ಬುವ ಕ್ರಮ ಇಲ್ಲಿಯೂ ಬೇರೆಯಲ್ಲ.

ಆರಿಸುವ ಬಗೆ

ಹಾಗಾದರೆ ಯೋಗ್ಯ ಮಾರ್ಗದರ್ಶಿಯನ್ನು ಗುರುತಿಸುವುದು ಹೇಗೆ? ಕೆಲವು ಸರಳ ಸೂತ್ರಗಳು ಸಾಕು.

ಮೊದಲನೆಯದಾಗಿ, ಪರವಾನಗಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವೂ ರಾಜ್ಯಗಳ ಪ್ರವಾಸೋದ್ಯಮ ಇಲಾಖೆಗಳೂ ತರಬೇತಾದ ಮಾರ್ಗದರ್ಶಿಗಳಿಗೆ ಮಾನ್ಯತೆ ನೀಡುತ್ತವೆ. ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತೋರಿಸುವಂತೆ ಕೇಳುವುದು ಅವಮಾನವಲ್ಲ. ನಿಜವಾದ ಮಾರ್ಗದರ್ಶಿ ಅದನ್ನು ಹೆಮ್ಮೆಯಿಂದಲೇ ತೋರಿಸುತ್ತಾನೆ. ಬಾಗಿಲಲ್ಲಿ ಕೈಹಿಡಿದು ಎಳೆಯುವವರನ್ನು ಬಿಟ್ಟು, ಊರಿನಿಂದ ಹೊರಡುವ ಮೊದಲೇ ಪ್ರವಾಸೋದ್ಯಮ ಇಲಾಖೆಯನ್ನೋ, ಹಿಂದೆ ಹೋಗಿ ಬಂದ ಪರಿಚಿತರನ್ನೋ ವಿಚಾರಿಸಿ ಗೊತ್ತುಪಡಿಸಿಕೊಳ್ಳುವುದು ಮೇಲು.

ಎರಡನೆಯದಾಗಿ, ಭಾಷೆ. ಮನೆಯ ಹಿರಿಯರಿಗೆ ಯಾವ ಭಾಷೆ ಸಲೀಸೋ ಅದರಲ್ಲಿ ಹೇಳಬಲ್ಲವನು ಬೇಕು. ಯಜಮಾನನಿಗೆ ಇಂಗ್ಲಿಷ್ ತಿಳಿದಿದ್ದರೆ ಸಾಲದು. ಹೊರರಾಜ್ಯಗಳಲ್ಲಿ ಕನ್ನಡ ಬಲ್ಲವರು ಸಿಗುವುದು ಕಷ್ಟವಾದರೂ, ಮೊದಲೇ ವಿಚಾರಿಸಿದವರಿಗೆ ಸಿಗುವ ಸಂಭವವಿರುತ್ತದೆ.

ಮೂರನೆಯದಾಗಿ, ಕರಾರು. ಎಷ್ಟು ಗಂಟೆ, ಎಷ್ಟು ಜನ, ಎಷ್ಟು ಶುಲ್ಕ, ಪ್ರವೇಶದ ಟಿಕೆಟ್ ಅದರಲ್ಲಿ ಸೇರಿದೆಯೇ ಇಲ್ಲವೇ ಎಂಬುದನ್ನು ಮುಂಚಿತವಾಗಿ ಮಾತನಾಡಿಕೊಳ್ಳಬೇಕು. ‘ಅಂಗಡಿಗೆ ಹೋಗುವುದಿಲ್ಲ, ಅದಕ್ಕಾಗಿಯೇ ಪೂರ್ಣ ಶುಲ್ಕ ಕೊಡಲಾಗುತ್ತದೆ’ ಎಂಬ ಮಾತನ್ನು ಆರಂಭದಲ್ಲಿಯೇ ಹೇಳಿಬಿಡಬೇಕು. ಈ ಒಂದು ವಾಕ್ಯದಿಂದ ಇಬ್ಬರ ಮನಸ್ಸೂ ಹಗುರವಾಗುತ್ತದೆ. ಮಕ್ಕಳಿದ್ದರೆ ಎರಡು ಗಂಟೆಗಿಂತ ಹೆಚ್ಚು ಎಳೆಯದಿರುವುದು ಲೇಸು.

ನಾಲ್ಕನೆಯದಾಗಿ, ಪ್ರಾಮಾಣಿಕತೆಯ ಪರೀಕ್ಷೆ. ಸಾಲಾರ್ ಜಂಗ್ ಸಂಗ್ರಹದಲ್ಲಿ ಟಿಪ್ಪು ಸುಲ್ತಾನನಿಗೆ ಫ್ರಾನ್ಸಿನ ದೊರೆಯಿಂದ ಉಡುಗೊರೆಯಾಗಿ ಬಂದವೆಂದು ಹೇಳಲಾಗುವ ದಂತದ ಕುರ್ಚಿಗಳಿವೆ. ‘ಹೀಗೆಂದು ಹೇಳುತ್ತಾರೆ’ ಎನ್ನುವುದಕ್ಕೂ ‘ಹೀಗೆಯೇ ಇದೆ’ ಎನ್ನುವುದಕ್ಕೂ ಇರುವ ಅಂತರವನ್ನು ಕಾಯ್ದುಕೊಂಡು ಮಾತನಾಡುವವನು ಒಳ್ಳೆಯ ಮಾರ್ಗದರ್ಶಿ. ಕೇಳಿದ ಪ್ರಶ್ನೆಗೆ ಒಮ್ಮೆಯಾದರೂ ‘ಅದು ತಿಳಿಯದು’ ಎನ್ನುವವನನ್ನು ಧೈರ್ಯವಾಗಿ ನಂಬಬಹುದು.

ಎಲ್ಲೆಡೆಯೂ ಬೇಕೇ?

ಎಲ್ಲ ಕಡೆಯೂ ಮಾರ್ಗದರ್ಶಿ ಅನಿವಾರ್ಯವೇನೂ ಅಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಂತಹ ಕಡೆ ಮಕ್ಕಳು ಗುಂಡಿ ಒತ್ತಿ, ಹಿಡಿ ತಿರುಗಿಸಿ ತಾವೇ ಕಲಿಯಬೇಕು; ನಡುವೆ ಬಾಯಿ ಹಾಕುವವನು ಅಡ್ಡಿಯೇ ಆದಾನು. ಕೆಲವು ದೊಡ್ಡ ಸಂಗ್ರಹಾಲಯಗಳಲ್ಲಿ ಅಲ್ಪ ಬಾಡಿಗೆಗೆ ಧ್ವನಿಮುದ್ರಿತ ವಿವರಣೆಯ ಯಂತ್ರಗಳು ದೊರೆಯುತ್ತವೆ. ಒಬ್ಬಿಬ್ಬರೇ ಹೋಗುವವರಿಗೆ ಅವು ಸಾಕು. ಆದರೆ ಮೂರು ತಲೆಮಾರಿನ ಕುಟುಂಬದಲ್ಲಿ ಒಬ್ಬೊಬ್ಬರೂ ಒಂದೊಂದು ಯಂತ್ರವನ್ನು ಕಿವಿಗೆ ಹಚ್ಚಿಕೊಂಡರೆ ಒಟ್ಟಿಗೆ ಬಂದ ಉದ್ದೇಶವೇ ಕೆಡುತ್ತದೆ. ಯಂತ್ರವು ಮಗುವಿನ ಪ್ರಶ್ನೆಗೆ ಉತ್ತರಿಸುವುದೂ ಇಲ್ಲ, ಅಜ್ಜನಿಗೆ ಕುರ್ಚಿ ಹುಡುಕಿ ಕೊಡುವುದೂ ಇಲ್ಲ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಮೊಹೆಂಜೊದಾರೊದ ‘ನರ್ತಕಿ’ ಕಂಚಿನ ಪ್ರತಿಮೆಯ ಎತ್ತರ ಕೇವಲ ಹತ್ತೂವರೆ ಸೆಂಟಿಮೀಟರ್. ಪಠ್ಯಪುಸ್ತಕದಲ್ಲಿ ದೊಡ್ಡದಾಗಿ ಕಂಡಿದ್ದ ಅದನ್ನು ಹುಡುಕುತ್ತ ಅದರ ಮುಂದೆಯೇ ಹಾದುಹೋಗುವುದು ಅಸಂಭವವೇನಲ್ಲ. ಸಂಗ್ರಹ ದೊಡ್ಡದು, ಸಮಯ ಕಡಿಮೆ, ಜೊತೆಗಿರುವವರ ವಯಸ್ಸು ಬೇರೆಬೇರೆ ಎಂಬ ಮೂರೂ ಕೂಡಿದಲ್ಲಿ ಮಾರ್ಗದರ್ಶಿ ಬೇಕು.

ಲೆಕ್ಕಪತ್ರದ ಮಾತು

ಕುಟುಂಬ ಪ್ರವಾಸದ ವೆಚ್ಚವು ವೈಯಕ್ತಿಕ ವೆಚ್ಚ. 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮಿನಲ್ಲಿ ವೈಯಕ್ತಿಕ ವೆಚ್ಚಕ್ಕೆ ಅವಕಾಶವಿರಲಿಲ್ಲ. 2025ರ ಹೊಸ ಕಾಯ್ದೆಯೂ ಅದೇ ತತ್ತ್ವವನ್ನು ಮುಂದುವರಿಸಿದೆ. ಜಿಎಸ್‌ಟಿಯಲ್ಲಿಯೂ ಸ್ವಂತ ಬಳಕೆಯ ಸೇವೆಗೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಆದ್ದರಿಂದ ಮಾರ್ಗದರ್ಶಿಯ ಶುಲ್ಕವನ್ನು ಸಂಸ್ಥೆಯ ಪ್ರಯಾಣ ವೆಚ್ಚದಲ್ಲಿ ತೂರಿಸದೆ, ಮಾಲೀಕನ ಸ್ವಂತ ಖರ್ಚಿನ ಖಾತೆಗೆ ಬರೆಯುವುದು ಕ್ರಮ. ಇನ್ನೊಂದು ಸಂಗತಿ: ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದ ಒಂಟಿ ಮಾರ್ಗದರ್ಶಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಪಡೆದಿರುವುದಿಲ್ಲ. ನೋಂದಣಿಯಿಲ್ಲದವನು ತೆರಿಗೆಯೆಂದು ಹಣ ಕೇಳುವಂತಿಲ್ಲ. ಆತನಿಂದ ಸಾದಾ ರಸೀದಿ ಪಡೆದರೆ ಸಾಕು.

ವರ್ತಕರ ಹೊಣೆ

ಕೊನೆಯದಾಗಿ, ವರ್ತಕ ಸಮುದಾಯವು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮಾರ್ಗದರ್ಶಿಗೆ ಗುಟ್ಟಾಗಿ ಕಮಿಷನ್ ಕೊಡುವವರು ಯಾರು? ವರ್ತಕರೇ ತಾನೆ? ಹೊರ ಊರಿಗೆ ಹೋದಾಗ ಪ್ರವಾಸಿಯಾಗಿ ಈ ಪದ್ಧತಿಯನ್ನು ದೂರುವವರು, ತಮ್ಮ ಊರಿಗೆ ಬಂದ ಪ್ರವಾಸಿಯ ವಿಷಯದಲ್ಲಿ ಅದನ್ನೇ ಮುಂದುವರಿಸುವುದು ಸರಿಯೇ? ರಸೀದಿಯಿಲ್ಲದೆ ಕೈಯಿಂದ ಕೈಗೆ ಹೋಗುವ ಈ ಹಣ ಲೆಕ್ಕಪುಸ್ತಕದಲ್ಲಿ ನಿಲ್ಲುವುದಿಲ್ಲ. ಒಂದು ಅಂಗಡಿ ಕೊಡಲಾರಂಭಿಸಿದರೆ ಪಕ್ಕದ ಅಂಗಡಿಯೂ ಕೊಡಲೇಬೇಕಾಗುತ್ತದೆ. ಪ್ರಮಾಣ ಏರುತ್ತ ಹೋಗುತ್ತದೆ. ಕೊನೆಗೆ ಸರಕಿನ ಗುಣಮಟ್ಟ ಇಳಿಯುತ್ತದೆ. ಮೈಸೂರು ರೇಷ್ಮೆಯಾಗಲಿ, ಚನ್ನಪಟ್ಟಣದ ಗೊಂಬೆಯಾಗಲಿ, ಬೀದರಿನ ಬಿದರಿಯಾಗಲಿ ತನ್ನ ಹೆಸರಿನ ಬಲದಿಂದಲೇ ಮಾರಾಟವಾಗಬಲ್ಲದು. ಅಂತಹ ಸರಕಿಗೆ ಕಮಿಷನ್ನಿನ ಊರುಗೋಲು ಬೇಕಾಗಿಲ್ಲ.

ಪ್ರವಾಸಿಗರು ಬರುವ ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಈ ದಿಕ್ಕಿನಲ್ಲಿ ಕೆಲವು ಕೆಲಸಗಳನ್ನು ಕೈಗೊಳ್ಳಬಹುದು. ಪರವಾನಗಿ ಪಡೆದ ಮಾರ್ಗದರ್ಶಿಗಳ ಪಟ್ಟಿಯನ್ನು ಅವರು ಬಲ್ಲ ಭಾಷೆಗಳ ಸಮೇತ ಪ್ರಕಟಿಸಬಹುದು. ಪ್ರವಾಸೋದ್ಯಮ ಇಲಾಖೆಯೊಡನೆ ಸಮಾಲೋಚಿಸಿ, ಗಂಟೆಯ ಲೆಕ್ಕದ ಶುಲ್ಕದ ಫಲಕವನ್ನು ವಸ್ತುಸಂಗ್ರಹಾಲಯಗಳ ಬಾಗಿಲಲ್ಲಿ ಹಾಕಿಸಬಹುದು. ಗುಪ್ತ ಕಮಿಷನ್ ಕೊಡುವುದಿಲ್ಲವೆಂದು ಸದಸ್ಯ ಅಂಗಡಿಗಳು ಒಟ್ಟಾಗಿ ನಿರ್ಣಯಿಸಬಹುದು. ಒಬ್ಬರೇ ಬಿಟ್ಟರೆ ನಷ್ಟ. ಎಲ್ಲರೂ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಇಂತಹ ಒಮ್ಮತವನ್ನು ಕಟ್ಟುವುದಕ್ಕಾಗಿಯೇ ವಾಣಿಜ್ಯ ಸಂಸ್ಥೆಗಳಿರುವುದು.

ಪ್ರವಾಸ ಹೊರಡುವ ಸದಸ್ಯರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮುಂದಿನ ರಜೆಯ ಖರ್ಚಿನ ಅಂದಾಜು ಬರೆಯುವಾಗ ರೈಲು, ವಸತಿ, ಊಟಗಳ ಕೆಳಗೆ ‘ಮಾರ್ಗದರ್ಶಿಯ ಶುಲ್ಕ’ ಎಂಬ ಒಂದು ಸಾಲನ್ನು ಸೇರಿಸಿಕೊಂಡರೆ ಸಾಕು. ಮೊದಲೇ ಬರೆದಿಟ್ಟ ಖರ್ಚಿಗೆ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವ ಪ್ರಸಂಗ ಬರುವುದಿಲ್ಲ.